ನಿಂತ ಜಾಗದಿಂದ ಹೊರಡುವುದು: ಕೆಸರಿನ ಏರಿನಲ್ಲಿ ಒಂದು ಬೀಟಲ್ ಕಾರಿನ ಪ್ರಕರಣ

ಒಂದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಅದರಲ್ಲಿ ಕೂರುವ ಇಬ್ಬರು, ಅವರನ್ನು ಮತ್ತೆ ಮತ್ತೆ ಸೋಲಿಸಿದ ಒಂದು ಬಗೆಯ ಏರು. ಈ ಪ್ರಕರಣದಲ್ಲಿ ಇರುವುದು ಇಷ್ಟೇ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಆದರೆ ಹೆಸರು ಹಾಕುವುದಿಲ್ಲ. ಓಡಿಸುವವರನ್ನು ಭಾವ ಎನ್ನುತ್ತೇನೆ, ಪಕ್ಕದಲ್ಲಿ ಕೂರುವವನನ್ನು ಭಾಮೈದ. ಆ ಸಂಬಂಧ ನಿಜ. ಯಾವ ವರ್ಷ, ಯಾವ ಏರು ಎಂದು ಹೇಳಿದರೆ ಫಲಿತಾಂಶದ ಪಟ್ಟಿ ನೋಡಿ ಯಾರು ಬೇಕಾದರೂ ಅವರನ್ನು ಪತ್ತೆ ಹಚ್ಚಬಹುದು, ಹಾಗಾಗಿ ಅದನ್ನೂ ಬಿಟ್ಟಿದ್ದೇನೆ. ಇಂಗ್ಲೆಂಡಿನ ಪಶ್ಚಿಮದ ಕಡೆ ನಡೆಯುವ, ಕೆಸರಿನ ಏರು ಹತ್ತುವ ಕಾರು ಸ್ಪರ್ಧೆಗಳಿಗೆ ನಾನು ಮಾರ್ಷಲ್ ಆಗಿ ನಿಲ್ಲುತ್ತೇನೆ. ಅವರ ಪರಿಚಯವಾದದ್ದೂ ಹಾಗೆಯೇ. ಮಳೆಯಲ್ಲಿ ಬಾವುಟ ಹಿಡಿದು ನಿಂತಾಗ ಎದುರಿನ ಕಾರಿನಿಂದ ಕನ್ನಡದ ಬೈಗುಳ ಕೇಳಿದರೆ ಪರಿಚಯ ಆಗದೆ ಇರುತ್ತದಾ?

ಮೊದಲು ಈ ಆಟ ಏನು ಅಂತ ಸ್ವಲ್ಪ ಹೇಳಬೇಕು.

ಮೋಟಾರು ವಾಹನಗಳು ಹೊಸದಾಗಿದ್ದ ಕಾಲದಲ್ಲಿ ಜನರಿಗಿದ್ದ ದೊಡ್ಡ ಅನುಮಾನ ವೇಗದ್ದಲ್ಲ. ಹೋದ ಗಾಡಿ ವಾಪಸ್ ಬರುತ್ತದಾ ಎನ್ನುವುದು. ರಾತ್ರಿಯಿಡೀ ಓಡಿಸಿ, ಸಿಕ್ಕ ಏರನ್ನೆಲ್ಲ ಹತ್ತಿಸಿ, ಗಾಡಿ ನಂಬಿಕೆಗೆ ಯೋಗ್ಯ ಎಂದು ತೋರಿಸುವ ಓಟಗಳು ಹುಟ್ಟಿದ್ದು ಹಾಗೆ. ಬ್ರಿಟನ್ನಿನ ಮೋಟಾರ್ ಸೈಕ್ಲಿಂಗ್ ಕ್ಲಬ್ ಶುರುವಾದದ್ದು 1901ರಲ್ಲಿ. ಹೆಸರಿನಲ್ಲಿ ಬೈಕು ಇದ್ದರೂ ಕಾರುಗಳೂ ಬೇಗ ಸೇರಿಕೊಂಡವು. ಅದರ ಮೂರು ದೊಡ್ಡ ಓಟಗಳು ಇಂದಿಗೂ ನಡೆಯುತ್ತವೆ. ಎಡಿನ್‌ಬರೋ 1904ರದು, ಲ್ಯಾಂಡ್ಸ್ ಎಂಡ್ 1908ರದು, ಎಕ್ಸೆಟರ್ 1910ರದು. ಎಕ್ಸೆಟರ್ ಈಗ ಜನವರಿಯ ಚಳಿಯಲ್ಲಿ, ಲ್ಯಾಂಡ್ಸ್ ಎಂಡ್ ಈಸ್ಟರ್ ಹೊತ್ತಿಗೆ. ಹೆಸರು ಎಡಿನ್‌ಬರೋ ಎಂದಿದ್ದರೂ ಮೂರನೆಯದು ಈಗ ಸ್ಕಾಟ್ಲೆಂಡಿಗೆ ಹೋಗುವುದಿಲ್ಲ, ಡರ್ಬಿಶೈರಿನ ಗುಡ್ಡಗಳಲ್ಲೇ ಮುಗಿಯುತ್ತದೆ.

ದಾರಿಯುದ್ದಕ್ಕೂ ಏರುಗಳು ಬರುತ್ತವೆ. ಪ್ರತಿ ಏರೂ ಒಂದು ಸೆಕ್ಷನ್. ಕೆಸರು, ಸಡಿಲ ಕಲ್ಲು, ಮರದ ಬೇರು, ಕೆಲವು ಕಡೆ ಬಂಡೆ. ಬೆಗರ್ಸ್ ರೂಸ್ಟ್, ಸಿಮ್ಸ್, ಹಳೆಯ ತವರದ ಗಣಿಯ ಪಕ್ಕದ ಬ್ಲೂ ಹಿಲ್ಸ್ ಮೈನ್ ಎಂದರೆ ಇಲ್ಲಿನ ಹಳಬರ ಮುಖವೇ ಬದಲಾಗುತ್ತದೆ. ನಿಲ್ಲದೆ ಹತ್ತಿದರೆ ಪಾಸ್, ಮಧ್ಯೆ ನಿಂತರೆ ಫೇಲ್. ಎಲ್ಲ ಏರನ್ನೂ ಹತ್ತಿದವರಿಗೆ ಚಿನ್ನ, ಒಂದು ತಪ್ಪಿದರೆ ಬೆಳ್ಳಿ, ಎರಡು ತಪ್ಪಿದರೆ ಕಂಚು. ಎಲ್ಲರನ್ನೂ ಸೋಲಿಸಿದ ಒಬ್ಬ ವಿಜೇತ ಅಂತ ಯಾರೂ ಇಲ್ಲ. ಜಗಳ ಏರಿನ ಜೊತೆಗೇ ಹೊರತು ಪಕ್ಕದ ಕಾರಿನ ಜೊತೆಗಲ್ಲ. ನನಗೆ ಈ ಆಟ ಹಿಡಿಸಿದ್ದೇ ಇದಕ್ಕೆ. ಫೋರ್ ವೀಲ್ ಗಾಡಿಗೆ ಜಾಗವಿಲ್ಲ. ರಸ್ತೆಯಲ್ಲಿ ಓಡಿಸಬಹುದಾದ, ಎರಡೇ ಚಕ್ರಕ್ಕೆ ಎಳೆತ ಇರುವ ಗಾಡಿ ಬೇಕು.

ಕೆಲವು ಏರಿನಲ್ಲಿ ಇನ್ನೊಂದು ಕಾಟ ಇದೆ. ಅದೇ ರೀಸ್ಟಾರ್ಟ್. ಏರಿನ ಅತಿ ಕೆಟ್ಟ ಜಾಗ ಹುಡುಕಿ ಅಲ್ಲಿ ಎರಡು ಗೆರೆಗಳ ನಡುವೆ ಒಂದು ಪಟ್ಟಿ ಗುರುತು ಮಾಡಿರುತ್ತಾರೆ. ಮುಂದಿನ ಚಕ್ರ ಆ ಪಟ್ಟಿಯೊಳಗೆ ಬರುವಂತೆ ಕಾರು ನಿಲ್ಲಿಸಬೇಕು. ಮಾರ್ಷಲ್ ಬಾವುಟ ಬೀಸಿದ ಮೇಲೆ ಹಿಂದಕ್ಕೆ ಉರುಳದೆ, ತಡ ಮಾಡದೆ ಹೊರಡಬೇಕು. ಓಡುತ್ತ ಬಂದ ರಭಸ ಅಲ್ಲಿ ಸೊನ್ನೆ.

ಭಾವನ ಕಾರು ಸೋಲುತ್ತಿದ್ದದ್ದು ಇಲ್ಲೇ.

ಹಿನ್ನೆಲೆ

ಭಾವ ಮಲೆನಾಡಿನವರು, ಕಾಫಿ ತೋಟದ ಮನೆಯವರು. ಆಷಾಢದ ಮಳೆಯಲ್ಲಿ ತೋಟದ ಜಾಡಿನಲ್ಲಿ ಜೀಪು ಓಡಿಸಿ ಬೆಳೆದವರು. ಕೆಸರು ಅಂದರೆ ಅವರಿಗೆ ಭಯವಿಲ್ಲ. ಆದರೆ ಆ ಅಭ್ಯಾಸವೇ ಇಲ್ಲಿ ಸ್ವಲ್ಪ ತೊಡಕಾಯಿತು ಅಂತ ನನ್ನ ಅಂದಾಜು. ಜೀಪಿನಲ್ಲಿ ಫೋರ್ ವೀಲ್ ಹಾಕಿ, ಲೋ ಗೇರಿಗೆ ತಂದು, ಒಂದೇ ಸಮ ರೇಸ್ ಕೊಟ್ಟರೆ ಎಲ್ಲೋ ಒಂದು ಚಕ್ರಕ್ಕಾದರೂ ಹಿಡಿತ ಸಿಗುತ್ತದೆ. ಬೀಟಲ್‌ನಲ್ಲಿ ಇರುವುದು ಹಿಂದಿನ ಎರಡು ಚಕ್ರ. ಆ ಎರಡಕ್ಕೂ ಎಂಜಿನ್ನಿನ ಎಳೆತ ಹಂಚುವ ಡಿಫರೆನ್ಷಿಯಲ್ ಮಾಮೂಲಿಯದು, ಒಂದು ಚಕ್ರ ಸುಮ್ನೆ ಸುತ್ತತೊಡಗಿದರೆ ಇನ್ನೊಂದಕ್ಕೂ ಎಳೆತ ಸಿಗುವುದಿಲ್ಲ.

ಭಾಮೈದ ಸಾಫ್ಟ್‌ವೇರ್ ಕೆಲಸದವನು, ಕಾರಿನ ಹುಚ್ಚು ಅಷ್ಟಾಗಿ ಇಲ್ಲ. ಅಕ್ಕನ ಮಾತಿಗೆ ಬಂದವನು. ರೂಟ್ ಪುಸ್ತಕ ಓದುವುದು, ಟೈಮ್ ನೋಡುವುದು, ಏರಿನಲ್ಲಿ ಸೀಟಿನ ಮೇಲೆ ಕುಣಿಯುವುದು ಅವನ ಕೆಲಸ. ಕುಣಿಯುವುದು ತಮಾಷೆಯಲ್ಲ. ಪಕ್ಕದವರು ಸೀಟಿನ ಮೇಲೆ ಎದ್ದು ಕೂತು ಮಾಡಿದರೆ ಹಿಂದಿನ ಚಕ್ರದ ಮೇಲೆ ಆಗಾಗ ಭಾರ ಒತ್ತುತ್ತದೆ, ಆ ಕ್ಷಣಕ್ಕೆ ಹಿಡಿತ ಸಿಗುತ್ತದೆ. ಈ ಆಟದಲ್ಲಿ ಎಲ್ಲರೂ ಮಾಡುತ್ತಾರೆ.

ಬೀಟಲ್ ಆರಿಸಿದ್ದು ಒಳ್ಳೆಯ ನಿರ್ಧಾರ. ಯಾಕೆಂದು ಒಂದು ಲೆಕ್ಕ ಹಾಕೋಣ. ಇಬ್ಬರು ಕೂತು ಸಾಮಾನು ತುಂಬಿದರೆ ಕಾರಿನ ತೂಕ ಸುಮಾರು 1000 ಕೆ.ಜಿ. ಎನ್ನಿ. ಏರು 3ಕ್ಕೆ 1, ಅಂದರೆ ಮೂರು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೆ. ಆ ಇಳಿಜಾರಿನಲ್ಲಿ ಕಾರು ಜಾರದಂತೆ ಹಿಡಿಯುವುದಕ್ಕೇ ಸುಮಾರು 316 ಕೆ.ಜಿ. ಎಳೆತ ಬೇಕು. ಎಂಜಿನ್ ಹಿಂದೆ ಇರುವ ಬೀಟಲ್‌ನಲ್ಲಿ ಅಂಥ ಏರಿನ ಮೇಲೆ ಹಿಂದಿನ ಚಕ್ರಗಳಿಗೆ ಸುಮಾರು 640 ಕೆ.ಜಿ. ಭಾರ ಬೀಳುತ್ತದೆ. ಆ ಭಾರದ ಅರ್ಧದಷ್ಟು ಹಿಡಿತವನ್ನು ನೆಲ ಕೊಟ್ಟರೆ ಸಾಕು. ಎಂಜಿನ್ ಮುಂದಿದ್ದು ಮುಂದಿನ ಚಕ್ರವೇ ಎಳೆಯುವ ಇವತ್ತಿನ ಕಾರಾದರೆ, ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಎಳೆಯುವ ಚಕ್ರಕ್ಕೆ ಸುಮಾರು 500 ಕೆ.ಜಿ. ಅಷ್ಟೇ ಉಳಿಯುತ್ತದೆ. ಆಗ ನೆಲದಿಂದ ಬೇಕಾಗುವ ಹಿಡಿತ ಹತ್ತರಲ್ಲಿ ಆರು ಪಾಲಿಗಿಂತ ಜಾಸ್ತಿ. ಒದ್ದೆ ಮಣ್ಣು ಬಳಿದ ಕಲ್ಲಿನ ಮೇಲೆ ಅದು ಸಿಗುವುದು ಕಷ್ಟ.

ಈ ಲೆಕ್ಕದಲ್ಲಿ ಎಂಜಿನ್ನಿನ ಶಕ್ತಿ ಎಲ್ಲೂ ಬರಲಿಲ್ಲ, ಗಮನಿಸಿ. ಭಾವ ಅದನ್ನು ಗಮನಿಸಲಿಲ್ಲ.

ಮೊದಲ ಎರಡು ಋತು

ಮಾಮೂಲಿ ಏರುಗಳನ್ನು ಅವರು ಚೆನ್ನಾಗಿಯೇ ಹತ್ತುತ್ತಿದ್ದರು. ರೀಸ್ಟಾರ್ಟ್ ಬಂದರೆ ಕತೆ ಮುಗಿಯಿತು. ಪಟ್ಟಿಯಲ್ಲಿ ನಿಲ್ಲುವುದು, ಬಾವುಟ, ಭರ್ರೆಂದು ರೇಸ್, ಹಿಂದಿನ ಚಕ್ರ ಗಿರಗಿರ, ಕಾರು ಅಡ್ಡಕ್ಕೆ ಜಾರಿ ನಿಲ್ಲುವುದು. ಆಮೇಲೆ ಟ್ರ್ಯಾಕ್ಟರ್. ಕಂಚು, ಬೆಳ್ಳಿ, ಮತ್ತೆ ಕಂಚು. ಚಿನ್ನ ಮಾತ್ರ ಇಲ್ಲ.

ಪಿಕಪ್ ಸಾಲದು ಅಂತ ಭಾವ ತೀರ್ಮಾನಿಸಿದರು. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಒಂದಿದ್ದದ್ದನ್ನು ತೆಗೆಸಿ ಎರಡು ಹಾಕಿಸಿದರು. ಇದರಿಂದ ಎರಡು ತೊಂದರೆಯಾಯಿತು. ಒಂದು, ಚಕ್ರ ಇನ್ನೂ ಜೋರಾಗಿ ಸುತ್ತಿತು. 1600 ಸಿಸಿಯ ಮೂಲ ಎಂಜಿನ್ ಕೂಡ ಮೊದಲ ಗೇರಿನಲ್ಲಿ 450 ಕೆ.ಜಿ.ಗಿಂತ ಹೆಚ್ಚು ಎಳೆತ ಕೊಡಬಲ್ಲದು. ಬೇಕಾದದ್ದು ಮುನ್ನೂರು ಚಿಲ್ಲರೆ. ಕೊರತೆ ಇದ್ದದ್ದು ಟೈರಿಗೂ ಮಣ್ಣಿಗೂ ನಡುವೆ. ಇನ್ನೊಂದು ತೊಂದರೆ ಜನವರಿಯ ರಾತ್ರಿ ಬಯಲಾಯಿತು. ಬೀಟಲ್‌ನ ಮೂಲ ವ್ಯವಸ್ಥೆಯಲ್ಲಿ ಕಾರ್ಬುರೇಟರ್ ಕೆಳಗಿನ ಕೊಳವೆಗೆ ಸೈಲೆನ್ಸರ್ ಹೊಗೆಯ ಬಿಸಿ ತಾಗುವಂತೆ ಒಂದು ಪೈಪು ಇರುತ್ತದೆ. ಚಳಿ ಮತ್ತು ತೇವ ಸೇರಿದಾಗ ಒಳಗೆ ಐಸ್ ಕಟ್ಟದಿರಲಿ ಅಂತ. ಎರಡು ಕಾರ್ಬುರೇಟರ್ ಹಾಕಿದಾಗ ಆ ಪೈಪು ಹೋಯಿತು. ಮಂಜಿನಲ್ಲಿ ಒಂದು ಗಂಟೆ ಓಡಿದ ಮೇಲೆ ಎಂಜಿನ್ ಕೆಮ್ಮತೊಡಗಿತು. ರಸ್ತೆ ಬದಿಯಲ್ಲಿ ನಿಲ್ಲಿಸಿ ಐಸ್ ಕರಗುವವರೆಗೆ ಕಾಯಬೇಕಾಯಿತು. ನಂಬಿಕೆಯ ಓಟಕ್ಕೆ ಹೋಗಿ ನಂಬಿಕೆಯನ್ನೇ ಬಿಚ್ಚಿಟ್ಟು ಬಂದ ಹಾಗೆ.

ಮುಂದಿನ ಪ್ರಯತ್ನ ಗಾಳಿ. ಏರಿನ ಕೆಳಗೆ ಟೈರಿನ ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಕಲ್ಲನ್ನು ತಬ್ಬುತ್ತದೆ. ಇದು ಸರಿಯಾದ ದಾರಿಯೇ, ಎಲ್ಲರೂ ಬಳಸುವ ದಾರಿ. ಆದರೆ ಭಾವ ಗಾಳಿಯನ್ನೂ ತೀರಾ ಇಳಿಸಿದರು, ರೇಸನ್ನೂ ಬಿಡಲಿಲ್ಲ. ಒಂದು ಏರಿನಲ್ಲಿ ರಿಮ್ ತಿರುಗಿತು, ಟೈರು ಅಲ್ಲೇ ಉಳಿಯಿತು, ಒಳಗಿನ ಟ್ಯೂಬಿನ ವಾಲ್ವ್ ಕಿತ್ತು ಬಂತು.

ಮೂರನೆಯದು ಸ್ಟೆಪ್ನಿ. ಬೀಟಲ್‌ನ ಸ್ಟೆಪ್ನಿ ಮುಂದಿನ ಡಿಕ್ಕಿಯಲ್ಲಿ ಇರುತ್ತದೆ. ಅದನ್ನು ತೆಗೆದು ಹಿಂದೆ, ಎಂಜಿನ್ ಮುಚ್ಚಳದ ಹೊರಗೆ ಕಟ್ಟಿದರು. ಜೊತೆಗೆ ಇನ್ನೊಂದು ಸ್ಟೆಪ್ನಿ. ಇಲ್ಲಿನ ಬೀಟಲ್‌ಗಳ ಬೆನ್ನಿಗೆ ಹೀಗೆ ಸ್ಟೆಪ್ನಿ ನೇತಾಡುವುದು ಮಾಮೂಲಿ ದೃಶ್ಯ. ಲೆಕ್ಕ ಹಾಕಿದರೆ ಹಿಂದಿನ ಚಕ್ರಕ್ಕೆ ಸುಮಾರು 40 ಕೆ.ಜಿ. ಸೇರುತ್ತದೆ, ಮುಂದಿನಿಂದ ಸುಮಾರು 25 ಕೆ.ಜಿ. ಹೋಗುತ್ತದೆ. ಹಿಡಿತದಲ್ಲಿ ಲಾಭ ಇದೆ, ಆದರೆ ಚಿಕ್ಕದು. ಮುಂದಿನಿಂದ ಹೋದ 25 ಕೆ.ಜಿ.ಯ ಮಾತಿಗೆ ಆಮೇಲೆ ಬರುತ್ತೇನೆ.

ಭಾಮೈದ ಇನ್ನೂ ಜೋರಾಗಿ ಕುಣಿದ. ಸೊಂಟ ಹಿಡಿಯಿತು.

ತಿರುವು

ಎರಡನೆಯ ಋತುವಿನ ಕೊನೆಯ ಓಟ. ರೀಸ್ಟಾರ್ಟಿನಲ್ಲಿ ಮತ್ತೆ ಸೋತರು. ಟ್ರ್ಯಾಕ್ಟರ್ ಕಾರನ್ನು ಮೇಲಕ್ಕೆ ಎಳೆದೊಯ್ದಿತು. ಭಾವ ಮೇಲೆ ಹಗ್ಗ ಬಿಚ್ಚುತ್ತಿದ್ದಾಗ ಭಾಮೈದ ನಡೆದುಕೊಂಡೇ ಬಂದ. ಓಟ ಹೇಗೂ ಕೆಟ್ಟಿತ್ತು, ಅವನಿಗೆ ಅವಸರ ಇರಲಿಲ್ಲ. ನನ್ನ ಪಕ್ಕದಲ್ಲಿ, ಹಗ್ಗದ ಆಚೆ ನಿಂತು ಹಿಂದೆ ಬರುತ್ತಿದ್ದ ಕಾರುಗಳನ್ನು ನೋಡತೊಡಗಿದ.

ನಾಲ್ಕು ಬೀಟಲ್‌ಗಳು ಸಾಲಾಗಿ ಬಂದವು. ಮೂರು ಸೋತವು. ಮೂರೂ ಪಟ್ಟಿಯ ಮೊದಲ ಗೆರೆ ದಾಟಿದ ಕೂಡಲೇ ನಿಂತವು. ಮೂರರ ಹಿಂದಿನ ಚಕ್ರವೂ ಒಂದೇ ಗುಂಡಿಗೆ ಹೋಗಿ ಕೂತವು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಬೀಟಲ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.4 ಮೀಟರ್. ಎಲ್ಲರೂ ಒಂದೇ ಗೆರೆಯ ಮೇಲೆ ನಿಂತರೆ ಎಲ್ಲರ ಹಿಂದಿನ ಚಕ್ರವೂ ಆ ಗೆರೆಯಿಂದ 2.4 ಮೀಟರ್ ಕೆಳಗೇ ಬೀಳುತ್ತದೆ. ಮೊದಲು ಬಂದವರು ಚಕ್ರ ಸುತ್ತಿಸಿ ಅಲ್ಲಿ ಅಗೆಯುತ್ತಾರೆ, ಆಮೇಲೆ ಬಂದವರು ಅಗೆದಲ್ಲೇ ಅಗೆಯುತ್ತಾರೆ. ಬೀಟಲ್‌ಗೆಂದೇ ತೋಡಿದ ಗುಂಡಿ ಅದು.

ನಾಲ್ಕನೆಯ ಕಾರಿನಲ್ಲಿದ್ದವರು ವಯಸ್ಸಾದ ಒಬ್ಬ ಹೆಂಗಸು. ಅವರು ಗೆರೆಯ ಹತ್ತಿರ ನಿಲ್ಲಲಿಲ್ಲ. ಪಟ್ಟಿಯ ಕೊನೆಯವರೆಗೂ ತೆವಳಿ ಹೋದರು, ಬಲಗಡೆಯ ದಿಣ್ಣೆಗೆ ಕನ್ನಡಿ ತಾಗುವಷ್ಟು ಸರಿದು ನಿಂತರು. ಪಟ್ಟಿ ಒಂದೂವರೆ ಮೀಟರಿನಷ್ಟು ಉದ್ದವಿತ್ತು. ಅವರ ಹಿಂದಿನ ಚಕ್ರ ಗುಂಡಿ ದಾಟಿ ಒಂದು ಕಲ್ಲಿನ ಅಂಚಿನ ಮೇಲೆ ಕೂತಿತ್ತು. ಬಾವುಟ ಬೀಸಿದೆ. ಎಂಜಿನ್ನಿನ ಸದ್ದು ಏರಿದ್ದು ನನಗೆ ಕೇಳಲೇ ಇಲ್ಲ. ಕಾರು ಹೊರಟು ಹೋಯಿತು.

ಭಾಮೈದ ಮೇಲೆ ಹೋಗಿ ಭಾವನಿಗೆ ಹೇಳಿದ್ದನ್ನು ಇಬ್ಬರೂ ನನಗೆ ಒಂದೇ ರೀತಿ ಹೇಳಿದ್ದಾರೆ.

"ಭಾವ, ನಾವು ಹೋಗಿ ನಿಂತಿದ್ದು ಗುಂಡೀಲಿ."

"ಗೆರೆ ಅಲ್ಲೇ ಇತ್ತಲ್ಲ ಮಾರಾಯ, ಇನ್ನೆಲ್ಲಿ ನಿಲ್ಲೋದು?"

"ಗೆರೆ ಅಲ್ಲಿಂದ ಶುರು ಭಾವ. ಅಲ್ಲಿಗೇ ಮುಗಿಯಲ್ಲ."

ಎರಡು ಋತುವಿನ ಖರ್ಚೆಲ್ಲ ಹೇಗೆ ಹೊರಡುವುದು ಎನ್ನುವುದಕ್ಕೆ ಹೋಗಿತ್ತು. ಎಲ್ಲಿ ನಿಲ್ಲುವುದು ಎಂದು ಇಬ್ಬರೂ ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಕೆಲಸದ ಹಂಚಿಕೆಯೂ ಇದಕ್ಕೆ ಕಾರಣ ಅನಿಸುತ್ತದೆ. ಏರಿನಲ್ಲಿ ನೆಲ ನೋಡುವವರು ಯಾರೂ ಇರಲಿಲ್ಲ. ಭಾವನ ಕಣ್ಣು ಗೆರೆ ಮತ್ತು ಬಾವುಟದ ಮೇಲೆ, ಭಾಮೈದ ಕುಣಿಯುವುದರಲ್ಲಿ.

ಬದಲಾಯಿಸಿದ್ದು

ಪರಿಚಯದ ರೈತರೊಬ್ಬರ ಇಳಿಜಾರು ಹೊಲದಲ್ಲಿ, ಅವರ ಅನುಮತಿ ಪಡೆದು, ಹಗ್ಗ ಹಾಸಿ ಅಭ್ಯಾಸ ಮಾಡಿದರು. ಮೊದಲು ಕಲಿತದ್ದು ನಿಲ್ಲುವುದು. ಏರಿನಲ್ಲಿ ನಿಲ್ಲಲು ಬ್ರೇಕ್ ಒದೆಯಬೇಕಾಗಿಲ್ಲ. ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದರೆ ಇಳಿಜಾರೇ ಕಾರನ್ನು ನಿಲ್ಲಿಸುತ್ತದೆ. ಆ ಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಎಳೆದರೆ ಸಾಕು. ಬ್ರೇಕ್ ಒದ್ದರೆ ಚಕ್ರ ಉಜ್ಜಿ, ನಿಂತ ಜಾಗವನ್ನು ನಾವೇ ನುಣ್ಣಗೆ ಮಾಡಿಕೊಳ್ಳುತ್ತೇವೆ.

ಆಮೇಲೆ ಹೊರಡುವುದು. ಹಾಫ್ ಕ್ಲಚ್‌ನಲ್ಲಿ ಎಳೆತ ಹಿಡಿಯುವವರೆಗೆ ಕಾದು, ರೇಸ್ ಕೊಡದೆ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಬಿಡುವುದು. ಪೂರ್ತಿ ಬಿಡದೆ ಒಂದು ಹಲ್ಲು ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ ಆದ್ದರಿಂದ, ಸುಮ್ನೆ ಸುತ್ತಲು ಹೊರಟ ಚಕ್ರಕ್ಕೆ ಸ್ವಲ್ಪ ತಡೆ ಬೀಳುತ್ತದೆ, ಅಷ್ಟು ಎಳೆತ ಇನ್ನೊಂದಕ್ಕೂ ಸಿಗುತ್ತದೆ. ಟೈರು ಒಮ್ಮೆ ಜಾರತೊಡಗಿದರೆ ಅದರ ಹಿಡಿತ ಜಾರದೆ ನಿಂತ ಟೈರಿಗಿಂತ ಕಡಿಮೆ. ಹಾಗಾಗಿ ಚಕ್ರ ಸುತ್ತಿದರೆ ಕಾಲು ಎತ್ತಬೇಕು, ಒತ್ತಬಾರದು. ಜೀಪಿನ ಕಾಲಿಗೆ ಇದನ್ನು ಕಲಿಸುವುದು ಸುಲಭವಾಗಲಿಲ್ಲ.

ಎರಡು ಕಾರ್ಬುರೇಟರ್ ಕಿತ್ತು ಹಳೆಯ ಒಂದನ್ನೇ ಬಿಸಿ ಪೈಪಿನ ಸಮೇತ ಕೂರಿಸಿದರು. ಅವರು ಮಾಡಿದ ಖರ್ಚಿನಲ್ಲಿ ನಾನು ಒಪ್ಪುವುದು ಒಂದನ್ನು ಮಾತ್ರ. ಗೇರ್ ಪೆಟ್ಟಿಗೆಯ ಕ್ರೌನ್ ಪಿನಿಯನ್, ಅಂದರೆ ಚಕ್ರಗಳ ಕಡೆಗೆ ಎಳೆತ ದಾಟಿಸುವ ಕೊನೆಯ ಹಲ್ಲುಚಕ್ರದ ಜೋಡಿ, ಬದಲಾಯಿಸಿದ್ದು. ಅದರ ಅನುಪಾತ 4.125 ಇದ್ದದ್ದನ್ನು 1200 ಸಿಸಿ ಬೀಟಲ್‌ನ 4.375ಕ್ಕೆ ತಂದರು. ವ್ಯತ್ಯಾಸ ನೂರಕ್ಕೆ ಆರರಷ್ಟು. ಇದರಿಂದ ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಮೊದಲ ಗೇರಿನಲ್ಲಿ ಕಾರು ಗಂಟೆಗೆ ಸುಮಾರು 7 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಎಷ್ಟು ನಿಧಾನ ಹೋಗಬಲ್ಲಿರೋ ಅಷ್ಟು ಚೆನ್ನಾಗಿ ಜಾಗ ಆರಿಸಿ ನಿಲ್ಲಬಲ್ಲಿರಿ.

ಭಾಮೈದನ ಕೆಲಸವೂ ಬದಲಾಯಿತು. ಸಾಲಿನಲ್ಲಿ ಕಾಯುವಾಗ ಮುಂದಿನ ಕಾರುಗಳು ಎಲ್ಲಿ ಅಗೆದವು ಎಂದು ನೋಡುವುದು, ಪಟ್ಟಿಯ ಒಳಗೆ "ಇನ್ನೂ... ಇನ್ನೂ... ಬಲಕ್ಕೆ... ಸಾಕು" ಎನ್ನುವುದು. ಕಾರು ಅಲುಗಿದ ಮೇಲಷ್ಟೇ ಕುಣಿಯುವುದು. ಪಟ್ಟಿಯೊಳಗೆ ಅವನ ಮಾತೇ ಕೊನೆಯ ಮಾತು ಎಂದು ಒಪ್ಪಂದ. ವಯಸ್ಸಿನಲ್ಲಿ ಹಿರಿಯರಾದ, ಸ್ಟೇರಿಂಗ್ ಹಿಡಿದ ಭಾವ ಇದಕ್ಕೆ ಒಪ್ಪಿದ್ದು ಕ್ರೌನ್ ಪಿನಿಯನ್‌ಗಿಂತ ದೊಡ್ಡ ಬದಲಾವಣೆ.

ಮೂರನೆಯ ಋತು

ರಾತ್ರಿ ಹೊರಟ ಓಟ. ಮೊದಲ ರೀಸ್ಟಾರ್ಟ್ ಕತ್ತಲಲ್ಲೇ ಬಂತು, ದಾಟಿದರು. ಬೆಳಗಿನ ಹೊತ್ತಿಗೆ ಇನ್ನೊಂದು, ಅದನ್ನೂ ದಾಟಿದರು. ಆ ನಡುವೆ ಒಂದು ನಿರ್ಧಾರ ಬಂತು. ಹತ್ತಿರ ಹತ್ತಿರದ ಎರಡು ಏರು, ಮಧ್ಯೆ ಸ್ವಲ್ಪ ದೂರ ಡಾಂಬರು ರಸ್ತೆ. ಅವರು ಆಗಲೇ ತಡವಾಗಿದ್ದರು. ಗಾಳಿ ತುಂಬದೆ ಹಾಗೇ ಹೋಗೋಣ ಎಂದರು ಭಾವ. ತುಂಬಿಯೇ ಹೋಗಬೇಕು ಎಂದ ಭಾಮೈದ. ಅದು ಪಟ್ಟಿಯೊಳಗಿನ ವಿಷಯವಲ್ಲ, ಆದರೂ ಭಾವ ಸೋತರು. ನಿಮಿಷಗಳು ಹೋದವು. ದಾರಿಯಲ್ಲಿ ಬೇಲಿಯ ಪಕ್ಕ, ಟೈರು ರಿಮ್ಮಿನಿಂದ ಕಳಚಿದ ಒಂದು ಕಾರು ನಿಂತಿತ್ತು. ಇಬ್ಬರೂ ಆ ಬಗ್ಗೆ ಏನೂ ಮಾತಾಡಲಿಲ್ಲವಂತೆ.

ನಾನಿದ್ದ ಏರಿಗೆ ಅವರು ಬಂದಾಗ ಮಳೆ ಹಿಡಿದಿತ್ತು. ಎಡಗಡೆ ಮೊಣಕಾಲುದ್ದ ಗುಂಡಿ. ಕಾರು ಪಟ್ಟಿಗೆ ಬಂತು, ಮೊದಲ ಗೆರೆ ದಾಟಿತು, ನಿಲ್ಲಲಿಲ್ಲ. ತೆವಳುತ್ತ ಬಲಕ್ಕೆ ಸರಿಯಿತು. ಪಟ್ಟಿಯ ಕೊನೆಗೆ ಇನ್ನು ಒಂದು ಗೇಣು ಇರುವಾಗ ನಿಂತಿತು. ಮುಂದಿನ ಚಕ್ರ ಒಳಗೇ ಇದೆಯಾ ಎಂದು ನಾನು ಬಗ್ಗಿ ನೋಡಬೇಕಾಯಿತು. ಇತ್ತು. ಬಾವುಟ ಬೀಸಿದೆ. ಒಂದು ಚಕ್ರ ಅರ್ಧ ಸುತ್ತು ಜಾರಿತು, ಸದ್ದು ತಗ್ಗಿತು, ಮತ್ತೆ ಹಿಡಿಯಿತು. ಕಾರು ಹೋಯಿತು. ಕಿಟಕಿಯಿಂದ ಈ ಸಲ ಬೈಗುಳ ಕೇಳಲಿಲ್ಲ.

ಆದರೂ ಚಿನ್ನ ಬರಲಿಲ್ಲ. ಅದಾದ ಮೇಲಿನ ಒಂದು ಏರಿನಲ್ಲಿ ರೀಸ್ಟಾರ್ಟ್ ಇರಲಿಲ್ಲ, ಕಡಿದೂ ಅಷ್ಟಿರಲಿಲ್ಲ. ಒಂದು ಹೇರ್‌ಪಿನ್ ತಿರುವು ಮಾತ್ರ ಇತ್ತು. ಭಾವ ಸ್ಟೇರಿಂಗ್ ಪೂರ್ತಿ ತಿರುಗಿಸಿದರು. ಮುಂದಿನ ಚಕ್ರಗಳು ತಿರುಗಿದವು, ಕಾರು ತಿರುಗಲಿಲ್ಲ. ನೇರ ಹೋಗಿ ದಿಣ್ಣೆಗೆ ಮೂಗು ಇಟ್ಟು ನಿಂತಿತು. ಮುಂದಿನಿಂದ ತೆಗೆದ 25 ಕೆ.ಜಿ. ಅಲ್ಲಿ ಲೆಕ್ಕ ಚುಕ್ತಾ ಮಾಡಿತು. ಬೆಳ್ಳಿ.

ಇದರಿಂದ ತಿಳಿಯುವುದು

ಹೊಸಬರು ಕೇಳಿದಾಗ ನಾನು ಈ ಪ್ರಕರಣವನ್ನು ಹೇಳುತ್ತೇನೆ. ಹಣ ಹೋದ ಕ್ರಮವನ್ನು ನೋಡಿ: ಮೊದಲು ಎಂಜಿನ್, ಆಮೇಲೆ ಟೈರು, ಆಮೇಲೆ ಭಾರ. ಕಾಸಿಲ್ಲದ ಉಪಾಯ ಹೊಳೆದದ್ದು ಕಟ್ಟಕಡೆಗೆ, ಅದೂ ಸೋತು ಹಗ್ಗದ ಪಕ್ಕ ಸುಮ್ನೆ ನಿಂತಾಗ. ಸೋತ ಏರಿನಲ್ಲಿ ಹದಿನೈದು ನಿಮಿಷ ನಿಂತು, ನಿಮ್ಮದೇ ಮಾದರಿಯ ಕಾರುಗಳನ್ನು ನೋಡಿ. ಕಾರನ್ನಲ್ಲ, ಅದರ ಹಿಂದಿನ ಚಕ್ರ ಬೀಳುವ ಜಾಗವನ್ನು.

ಇನ್ನೊಂದು ಮಾತು, ಇದನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ಎರಡು ಸ್ಟೆಪ್ನಿ ಹಿಂದೆ ಕಟ್ಟಿದ್ದು ಪೂರ್ತಿ ತಪ್ಪಲ್ಲ. ಎಳೆತವೇ ಮುಖ್ಯ ಎಂದುಕೊಂಡಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ನಿಲ್ಲುವ ಜಾಗ ಸರಿಹೋದ ಮೇಲೆ ಆ ಭಾರದ ಅಗತ್ಯ ಎಷ್ಟು ಉಳಿದಿದೆ ಎಂದು ಮತ್ತೆ ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ. ಒಂದು ಕಡೆ ಸರಿಮಾಡಿದ ಮೇಲೆ ಹಳೆಯ ರಿಪೇರಿಗಳನ್ನೆಲ್ಲ ಒಂದು ಸಲ ತಿರುವಿ ನೋಡುವುದು ಕಾರಿನಲ್ಲಿ ಬಹಳ ಜನ ಮರೆಯುವ ಕೆಲಸ.

ಈಗ ಅವರ ಮನೆಯಲ್ಲಿ ಆ ಚರ್ಚೆಯೇ ನಡೆದಿದೆ. ಒಂದು ಸ್ಟೆಪ್ನಿಯನ್ನು ಮುಂದಿನ ಡಿಕ್ಕಿಗೆ ವಾಪಸ್ ಹಾಕಿ ಇನ್ನೊಂದನ್ನು ಹಿಂದೆಯೇ ಬಿಡೋಣ ಎನ್ನುತ್ತಾರೆ ಭಾವ. ಎರಡನೆಯದೇ ಬೇಡ, ಟ್ಯೂಬು ಮತ್ತು ಪಂಪು ಇದ್ದರೆ ಸಾಕು ಎನ್ನುತ್ತಾನೆ ಭಾಮೈದ. ರಾತ್ರಿ ಕಾಡಿನಲ್ಲಿ ಒಂದೇ ಸಲ ಎರಡು ಟೈರು ಹೋದರೆ ಏನು ಮಾಡುತ್ತೀಯ ಎಂದು ಭಾವ. ಅದಕ್ಕೆ ಅವನ ಬಳಿ ಉತ್ತರ ಇಲ್ಲ, ನನ್ನ ಬಳಿಯೂ ಇಲ್ಲ. ಎಕ್ಸೆಟರ್‌ಗೆ ಹೆಸರು ಕೊಟ್ಟಾಗಿದೆ. ಅದರೊಳಗೆ ಇದು ತೀರ್ಮಾನ ಆಗಬೇಕು, ಯಾಕೆಂದರೆ ಟೀನ್ ನದಿಯ ದಡದಿಂದ ಮೇಲೇಳುವ ಫಿಂಗಲ್ ಬ್ರಿಜ್ ಏರಿನ ತುಂಬ ಇರುವುದು ಹೇರ್‌ಪಿನ್‌ಗಳೇ.